ಮೊಸ್ತಾರ್ ಹಳೇ ಸೇತುವೆ ಮ್ಯೂಸಿಯಂ: ಸೇತುವೆ ಮೇಲೆ ಸೆಲ್ಫಿ ಆಮೇಲೆ, ಮೊದ್ಲು ಇದನ್ನ ನೋಡಿ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಟ್ ಮಾಡಿದ್ದು ಮೆಟ್ಟಿಲಿಗೆ, ಅದನ್ನ ಆಮೇಲೆ ಹೇಳ್ತೀನಿ.

ಅಪ್ಪ ಅಮ್ಮ ಮೈಸೂರಿಂದ ನಮ್ಮನೆಗೆ ಬಂದಿದ್ರು, ನಾವಿರೋದು ಮ್ಯೂನಿಕ್ ಹತ್ರ, ಕ್ರೊಯೇಷಿಯಾದಲ್ಲಿ ಸಮುದ್ರ ತೋರಿಸಿ ಅಲ್ಲಿಂದ ಒಂದು ದಿನದ ಟೂರ್ ಬಸ್ ಹತ್ತಿಸ್ಕೊಂಡು ಬೋಸ್ನಿಯಾದ ಮೊಸ್ತಾರ್‌ಗೆ ಹೋದ್ವಿ (ಒಂದೇ ವೀಸಾದಲ್ಲಿ ಓಡಾಡೋ ಷೆಂಗೆನ್ ದೇಶಗಳ ಗುಂಪಲ್ಲಿ ಬೋಸ್ನಿಯಾ ಇಲ್ಲ, ವಾಪಸ್ ಬರಕ್ಕೆ ಮಲ್ಟಿಪಲ್ ಎಂಟ್ರಿ ವೀಸಾ ಇದೆಯಾ ನೋಡ್ಕೊಳಿ). ಟೂರ್ ಕಂಪನಿ ಹೆಸರು ಹೇಳಲ್ಲ. ಗೈಡ್ ಒಂದು ಛತ್ರಿ ಎತ್ಕೊಂಡು ಮುಂದೆ ಮುಂದೆ ಓಡಿದ, "ನಾನೂರು ವರ್ಷ ಹಳೇ ಸೇತುವೆ" ಅಂದ, ಎರಡು ಗಂಟೆ ಫ್ರೀ ಟೈಮ್ ಅಂದ, ಮಾಯ ಆದ.

ನಾನೂರು ವರ್ಷ ಎಲ್ಲಿಂದ ಬಂತು ಸ್ವಾಮಿ, ಈಗ ಕಣ್ಮುಂದೆ ನಿಂತಿರೋ ಸೇತುವೆ ಓಪನ್ ಆಗಿದ್ದು 2004 ಜುಲೈ 23ಕ್ಕೆ! ಇದು ನಂಗೆ ಗೊತ್ತಾಗಿದ್ದೇ ಮ್ಯೂಸಿಯಂ ಒಳಗೆ ಹೋದ್ಮೇಲೆ.

ಮ್ಯೂಸಿಯಂ ಇರೋದು ಸೇತುವೆಗೆ ಅಂಟ್ಕೊಂಡೇ, ನದಿಯ ಪೂರ್ವ ದಡದ ತಾರಾ ಅನ್ನೋ ಹಳೇ ಬುರುಜಲ್ಲಿ. ದೊಡ್ಡದೇನಲ್ಲ, ಚಿನ್ನ ಬೆಳ್ಳಿ ಕತ್ತಿ ಗುರಾಣಿ ನೋಡಕ್ಕೆ ಹೋಗೋರಿಗೆ ಇದೇನಪ್ಪಾ ಅನ್ಸತ್ತೆ. ಇಲ್ಲಿರೋದು ಸೇತುವೆ ಕಥೆ ಮಾತ್ರ. ಆಟೊಮನ್ ಸುಲ್ತಾನ್ ಸುಲೇಮಾನ್ ಕಟ್ಟಿಸಿದ್ದು, ಕಟ್ಟಿದ ಮೇಸ್ತ್ರಿ ಮಿಮಾರ್ ಹೈರುದ್ದೀನ್, ಒಂಬತ್ತು ವರ್ಷ ಹಿಡಿದು 1566ಕ್ಕೆ ಮುಗಿದಿದ್ದು, ನದಿ ಮಧ್ಯ ಒಂದು ಕಂಬನೂ ಇಲ್ದೆ ಒಂದೇ ಕಮಾನು. ಬಿದ್ರೆ ತಲೆ ಹೋಗತ್ತೆ ಅಂತ ಹೆದರಿ, ಸಾರ್ವೆ ಬಿಚ್ಚೋ ದಿನ ಆ ಮೇಸ್ತ್ರಿ ತನ್ನ ಗುಂಡಿ ತಾನೇ ತೋಡ್ಕೊಂಡ ಅಂತ ಊರೋರ ಕಥೆ. ಆದ್ರೆ ಅದು ಬೀಳ್ಲಿಲ್ಲ, 427 ವರ್ಷ ನಿಂತಿತ್ತು. ಬೋಸ್ನಿಯಾ ಯುದ್ಧದಲ್ಲಿ, 1993 ನವೆಂಬರ್ 9ಕ್ಕೆ, ಬೋಸ್ನಿಯಾದ ಕ್ರೊಯೇಟ್ ಪಡೆಗಳ ಶೆಲ್ ದಾಳಿಗೆ ನೆರೆತ್ವಾ ನದಿಗೆ ಬಿತ್ತು.

ಬೀಳೋದಕ್ಕೆ ಮುಂಚೆ ಊರ ಜನ ಸುಮ್ನೆ ನೋಡ್ತಾ ಕೂತಿರ್ಲಿಲ್ಲ, ಹಳೇ ಟೈರ್ ನೇತು ಹಾಕಿದ್ರು, ತಗಡು ಮುಚ್ಚಿದ್ರು. ಶೆಲ್‌ಗೆ ಟೈರ್ ಅಡ್ಡ! ಆ ಕಾಲದ ಫೋಟೋಗಳಲ್ಲಿ ಈಗ್ಲೂ ಕಾಣತ್ತೆ, ನೋಡಿದ್ರೆ ಹೊಟ್ಟೆ ಒಂಥರಾ ಆಗತ್ತೆ. ಬಿದ್ದಿದ್ದು ವಿಡಿಯೋನೂ ಇದೆ, ಕೆಲವೇ ಸೆಕೆಂಡು. ಅಮ್ಮ ಬರ್ಲಿಲ್ಲ ಒಳ್ಳೇದಾಯ್ತು ಅಂದ್ಕೊಂಡೆ.

ಅಪ್ಪ ಸರ್ಕಾರಿ ಇಂಜಿನಿಯರ್ ಆಗಿ ರಿಟೈರ್ ಆದೋರು, ಅವ್ರು ಸಿಕ್ಕಾಕ್ಕೊಂಡಿದ್ದು ಮತ್ತೆ ಕಟ್ಟಿದ ಭಾಗದಲ್ಲಿ. ಹಂಗೇರಿ ಸೈನ್ಯದ ಮುಳುಗುಗಾರರು ನದಿ ತಳದಿಂದ ಕಲ್ಲುಗಳನ್ನ ಮೇಲೆತ್ತಿದ್ರಂತೆ, ಆದ್ರೆ ಅವು ಎಷ್ಟು ಜಜ್ಜಿ ಹೋಗಿದ್ವು ಅಂದ್ರೆ ತಿರುಗಿ ಕಮಾನಿಗೆ ಕೂರ್ಸಕ್ಕಾಗ್ಲಿಲ್ಲ. ಹಾಗಾಗಿ ಅಲ್ಲೇ ಹತ್ರ ಸಿಗೋ ತೆನೆಲಿಯಾ ಅನ್ನೋ ಅದೇ ಜಾತಿ ಕಲ್ಲನ್ನ ಹೊಸದಾಗಿ ಕಡಿದು, ಕಲ್ಲಿಗೆ ಕಲ್ಲು ಕಬ್ಬಿಣದ ಕೊಂಡಿ ಹಾಕಿ, ಕೊಂಡಿ ಕೂತ ತೂತಿಗೆ ಕಾದ ಸೀಸ ಹುಯ್ದು ಬಿಗಿ ಮಾಡಿದ್ದಾರೆ, ಹೈರುದ್ದೀನ್ ಕಾಲದಲ್ಲಿ ಮಾಡಿದ ಹಾಗೇ. ಹಳೇ ಕಮಾನು ಎಡಕ್ಕೂ ಬಲಕ್ಕೂ ಪೂರ್ತಿ ಸಮ ಇರ್ಲಿಲ್ಲ, ಹೊಸದ್ರಲ್ಲೂ ಆ ಸೊಟ್ಟನ್ನ ಸರಿ ಮಾಡ್ದೆ ಬಿಟ್ಟಿದ್ದಾರೆ. ಹೇಗೆ ಗೊತ್ತಿತ್ತು ಅಷ್ಟು ಕರೆಕ್ಟಾಗಿ ಅಂದ್ರೆ, ಯುದ್ಧಕ್ಕೆ ಮುಂಚೇನೇ ಯಾರೋ ಪುಣ್ಯಾತ್ಮರು ಫೋಟೋ ಹಿಡ್ದು ಅದ್ರಿಂದ ಅಳತೆ ತೆಗ್ದು ಡ್ರಾಯಿಂಗ್ ಮಾಡಿಟ್ಟಿದ್ರು.

"ನೋಡೋ, ಕಲ್ಲು ಎಲ್ಲಾದ್ರೂ ಸಿಗತ್ತೆ, ಡ್ರಾಯಿಂಗ್ ಇಲ್ದಿದ್ರೆ ಇವ್ರು ಕಟ್ತಾ ಇದ್ದಿದ್ದು ಬೇರೆ ಯಾವ್ದೋ ಸೇತುವೆ" ಅಂದ್ರು ಅಪ್ಪ. ಆಮೇಲೆ ಮೆತ್ತಗೆ, "ನಮ್ಮ ಆಫೀಸಲ್ಲಿ ಸೈಟಿಗೆ ಹೋಗಿ ಅಳ್ಕೊಂಡು ಬಾ ಅಂದ್ರೆ ಎಲ್ರೂ ಮುಖ ಮುಖ ನೋಡ್ಕೊತಿದ್ವಿ" ಅಂತ ನಕ್ಕರು.

ಬುರುಜಿನ ಕೆಳಗೆ ಅಗೆದ ಜಾಗ ಇದೆ, ಈ ಕಲ್ಲು ಸೇತುವೆಗೂ ಮುಂಚೆ ಇದ್ದ ಮರದ ಸೇತುವೆಯ ಗುರುತು ಅಲ್ಲಿ ಸಿಕ್ಕಿದೆ. ಮತ್ತೆ ಕಟ್ಟೋ ಕೆಲ್ಸ ಅಂತ ಅಗೆದಿದ್ದಕ್ಕೇ ಅದೂ ಹೊರಗೆ ಬಂತು.

ಇನ್ನೊಂದು ವಿಷ್ಯ, ಹೊಸದಾಗಿ ಕಟ್ಟಿದ್ದು ಪರಂಪರೆ ಹೇಗಾಗತ್ತೆ, ನಕಲು ತಾನೇ ಅಂತ ವಾದ ಮಾಡೋರು ಇದ್ದಾರೆ. ನಂಗೂ ಒಳಗೆ ಹೋಗೋ ಮುಂಚೆ ಹಾಗೇ ಅನ್ಸಿತ್ತು. ಆದ್ರೆ ಯುನೆಸ್ಕೋ 2005ರಲ್ಲಿ ಇದನ್ನೂ ಸುತ್ತ ಇರೋ ಹಳೇ ಪೇಟೆನೂ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಬೋಸ್ನಿಯಾದಿಂದ ಮೊದಲನೇದು ಇದೇ. ನಕಲು ಅಂತ ಮುಚ್ಚಿಟ್ಟಿದ್ರೆ ನಂಗೂ ಬೇಜಾರಾಗ್ತಿತ್ತು, ಇಲ್ಲಿ ಬಿದ್ದಿದ್ದು, ಎತ್ತಿದ್ದು, ಕಟ್ಟಿದ್ದು ಎಲ್ಲಾನೂ ಬಿಚ್ಚಿ ಇಟ್ಟಿದ್ದಾರೆ, ಅದಕ್ಕೇ ಇಷ್ಟ ಆಯ್ತು.

ಈಗ ಮೆಟ್ಟಿಲು. ಹಳೇ ಬುರುಜು, ಕಡಿದಾದ ಮೆಟ್ಟಿಲು, ಮೇಲಿಂದ ನದಿ ನೋಟ ಸೂಪರ್, ಆದ್ರೆ ಮಂಡಿ ನೋವಿರೋರಿಗೆ ಆಗಲ್ಲ. ಅಮ್ಮ ಕೆಳಗೇ ಕೂತು ತಾಮ್ರದ ಪುಟ್ಟ ಪಾತ್ರೇಲಿ ಕೊಡೋ ಬೋಸ್ನಿಯಾ ಕಾಫಿ ಕುಡಿದ್ರು, "ಗಸಿ ಸೋಸದೇ ಕೊಡ್ತಾರಲ್ಲೋ" ಅಂತ ಕಂಪ್ಲೇಂಟು, ಆದ್ರೂ ಎರಡನೇದು ತರ್ಸಿದ್ರು. ಸಸ್ಯಾಹಾರಿಗಳು ಸಿರ್ನಿಟ್ಸಾ ಅಂತ ಕೇಳಿ, ಚೀಸ್ ತುಂಬಿದ ಪದರದ ಕಡುಬು ಥರ, ಪಾಲಕ್ ಹಾಕಿದ್ದು ಬೇಕಂದ್ರೆ ಜೆಲ್ಯಾನಿಟ್ಸಾ. ಕೈಯಲ್ಲಿ ಸ್ವಲ್ಪ ಅವ್ರ ಕರೆನ್ಸಿ ಮಾರ್ಕ್ ಕ್ಯಾಷ್ ಇರ್ಲಿ. ಸೇತುವೆ ಕಲ್ಲು ಸಿಕ್ಕಾಪಟ್ಟೆ ಜಾರತ್ತೆ, ಅಡ್ಡಡ್ಡ ಪಟ್ಟಿ ಇದ್ರೂ ಜಾರತ್ತೆ, ಚಪ್ಪಲಿ ಬೇಡ, ಶೂ ಹಾಕ್ಕೊಳಿ.

ಮೇಲಿಂದ ನದಿಗೆ ಹಾರೋ ಹುಡುಗ್ರು ದುಡ್ಡು ಸೇರೋವರ್ಗೂ ಹಾರಲ್ಲ, ಕಂಬಿ ಮೇಲೆ ನಿಂತು ನಿಂತು ಇಳೀತಾರೆ. ನಾವು ಇಪ್ಪತ್ತು ನಿಮಿಷ ಕಾದ್ವಿ, ಅಪ್ಪನೂ ಟೋಪಿಗೆ ಐದು ಯೂರೋ ಹಾಕಿದ್ರು, ಹುಡುಗ ಮತ್ತೆ ಕಂಬಿ ಹತ್ತಿದ, ಅಷ್ಟೊತ್ತಿಗೆ ಛತ್ರಿ ಗೈಡ್ ಬಂದು ಬಸ್ ಹೊರಡತ್ತೆ ಅಂದ.