ರಾಡ್, ಗ್ಯಾಸ್ ಗೀಸರ್, ಕರೆಂಟ್ ಗೀಸರ್: ಮೂರನ್ನೂ ಬಳಸಿ ನೋಡಿದ ಮೇಲೆ

ಬೇರೆ ಬೇರೆ ಬಾಡಿಗೆ ಮನೆಗಳಲ್ಲಿ ಈ ಮೂರರಲ್ಲೂ ನೀರು ಕಾಯಿಸಿದ್ದೇನೆ. ಈಗ ಯಾರು ಕೇಳಿದರೂ 15 ಲೀಟರ್ ಕರೆಂಟ್ ಗೀಸರ್ ಹಾಕಿಸಿ ಅಂತಲೇ ಹೇಳುತ್ತೇನೆ.

ರಾಡ್ ಅಗ್ಗ, ನಿಜ. ಮನೆ ಬದಲಿಸುವಾಗ ಚೀಲಕ್ಕೆ ಹಾಕಿಕೊಂಡು ಹೊರಡಬಹುದು. ಆದರೆ ಅದರಿಂದ ಕರೆಂಟ್ ಉಳಿಯುತ್ತದೆ ಅಂತಾರಲ್ಲ, ಅದು ಸುಳ್ಳು. 1500 ವ್ಯಾಟ್ ರಾಡ್ 20 ನಿಮಿಷಕ್ಕೆ ಅರ್ಧ ಯೂನಿಟ್ ತಿಂದು ಒಂದು ಬಕೆಟ್ ನೀರು ಕಾಯಿಸುತ್ತದೆ. 2000 ವ್ಯಾಟ್ ಗೀಸರ್ ಅಷ್ಟೇ ಹೊತ್ತಿಗೆ ಮುಕ್ಕಾಲು ಯೂನಿಟ್‌ಗಿಂತ ಕಡಿಮೆ ತಗೊಳ್ಳುತ್ತದೆ, ಆ ನೀರಿಗೆ ತಣ್ಣೀರು ಬೆರೆಸಿಕೊಂಡರೆ ಇಬ್ಬರ ಸ್ನಾನ ಆರಾಮಾಗಿ ಆಗುತ್ತದೆ. ಬಿಲ್ ಏರುವುದು ದಿನವಿಡೀ ಸ್ವಿಚ್ ಹಾಕೇ ಬಿಟ್ಟರೆ ಮಾತ್ರ. ಮೇಲಾಗಿ ರಾಡ್ ತಾನಾಗಿ ಆಫ್ ಆಗುವುದಿಲ್ಲ, ನೀರು ಕಾದಿದೆಯಾ ಅಂತ ಯಾರೋ ಬೆರಳು ಅದ್ದಿಬಿಡುತ್ತಾರೆ. ಪ್ಲಗ್ ಕಿತ್ತ ಮೇಲೆಯೇ ಬಕೆಟ್ ಮುಟ್ಟಬೇಕು. ಮಕ್ಕಳಿರುವ ಮನೆಗೆ ರಾಡ್ ಬೇಡವೇ ಬೇಡ.

ಗ್ಯಾಸ್ ಗೀಸರ್ ಬಳಸಲು ಸುಖ. ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು, ಸೆಲ್ ಹಾಕುವ ಮಾದರಿಯಾದರೆ ಕರೆಂಟ್ ಹೋದರೂ ನಡೆಯುತ್ತದೆ. ನನಗೆ ಭಯ ಇರುವುದೂ ಇದರ ಮೇಲೆಯೇ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ವಾಸನೆಯಿಂದ ಗೊತ್ತಾಗುತ್ತದೆ, ಏಕೆಂದರೆ ಅಡುಗೆ ಗ್ಯಾಸಿಗೆ ವಾಸನೆಯನ್ನು ಬೇಕೆಂದೇ ಸೇರಿಸಿರುತ್ತಾರೆ. ಈ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತಿ ಬಿದ್ದವರು ಬಾಗಿಲು ತೆಗೆಯಲಾರದೆ ಸತ್ತ ಸುದ್ದಿ ಬೆಂಗಳೂರಿನಿಂದಲೇ ಎಷ್ಟು ಸಲ ಬಂದಿದೆ! ಹಾಕಿಸಲೇಬೇಕು ಅಂದರೆ ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿ ಆಡುವ ಜಾಗದಲ್ಲಿರಲಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಎಕ್ಸಾಸ್ಟ್ ಫ್ಯಾನ್ ಇದೆ ಅಂತ ಒಳಗೆ ಹಾಕಿಸಬೇಡಿ.

ಕರೆಂಟ್ ಗೀಸರ್‌ಗೆ ಅರ್ಥಿಂಗ್ ಸರಿಯಿರುವ 16 ಆಂಪ್ ಸಾಕೆಟ್ ಬೇಕು. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್) ಇದೆಯಾ ಅಂತಲೂ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಲೋಡ್ ಜಾಸ್ತಿಯಾದರೆ ಆಫ್ ಆಗುವ ಎಂಸಿಬಿ ಸ್ವಿಚ್ ಇದ್ದರೆ ಸಾಕು ಅಂದುಕೊಳ್ಳುವವರೇ ಜಾಸ್ತಿ. ಅದು ಕಾಪಾಡುವುದು ವೈರಿಂಗನ್ನು, ಶಾಕ್ ಹೊಡೆದಾಗ ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ. ನಾನು ಸ್ನಾನಕ್ಕೆ ಇಳಿಯುವ ಮೊದಲು ಸ್ವಿಚ್ ಆರಿಸುತ್ತೇನೆ, ಕಾದ ನೀರು ಟ್ಯಾಂಕಿನಲ್ಲಿ ಇದ್ದೇ ಇರುತ್ತದಲ್ವಾ. ಬೋರ್‌ವೆಲ್ ನೀರಾದರೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ನೀರು ಕಾಯಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿದ್ದರೆ ತಡ ಮಾಡದೆ ಸರ್ವಿಸ್ ಮಾಡಿಸಿ.