ಸತ್ಯಮಂಗಲದ ಗ್ಯಾರೇಜಲ್ಲಿ ಕ್ರೌನ್ ಪಿನಿಯನ್ ಮಾಡಿಸ್ದೆ, 5ಕ್ಕೆ ಮೂರೂವರೆ ಸ್ಟಾರ್

ಕ್ರೌನ್ ಪಿನಿಯನ್ ಅಂದ್ರೆ ಇಂಜಿನ್ ತಿರುಗೋದನ್ನ ಹಿಂದಿನ ಚಕ್ರಕ್ಕೆ ಕೊಡೋ ಜೋಡಿ ಹಲ್ಲುಚಕ್ರ, ದೊಡ್ಡದು ಕ್ರೌನು, ಚಿಕ್ಕದು ಪಿನಿಯನ್ನು. ನಮ್ದು ತಾಳವಾಡಿ ಕಡೆ, ಸೆಂಟ್ರಿಂಗ್ ಕೆಲ್ಸ, ಜೊತೆಗೆ ಕಾಂಕ್ರೀಟ್ ಮಿಕ್ಸರ್ ಬಾಡಿಗೆಗೆ ಬಿಡ್ತೀನಿ. ಗಾಡಿ 70 ಹೆಚ್‌ಪಿ ಡೀಸೆಲ್ ಪಿಕಪ್ಪು, ಸೆಕೆಂಡ್ ಹ್ಯಾಂಡ್. ಮೇಲೆ 20 ಮೂಟೆ ಸಿಮೆಂಟು, ಹಿಂದೆ ಮಿಕ್ಸರ್ ಕಟ್ಕೊಂಡು ಬಣ್ಣಾರಿಯಿಂದ ದಿಂಬಂ ಘಾಟ್ ಹತ್ತೋದು ಅಂದ್ರೆ 27 ಹೇರ್‌ಪಿನ್ನಲ್ಲೂ ಬಣ್ಣಾರಿ ಅಮ್ಮನ್ನೇ ನೆನೀಬೇಕಿತ್ತು. ಸೆಕೆಂಡಲ್ಲಿ ಇಂಜಿನ್ ಬಾಯ್ ಬಡ್ಕೊಳ್ತಿತ್ತು, ಥರ್ಡ್ ಹಾಕಿದ್ರೆ ಉಸಿರೇ ಇಲ್ಲ, ತಿರುವಲ್ಲಿ ಫಸ್ಟ್ ಹಾಕಿ ಅರ್ಧ ಕ್ಲಚ್ಚಲ್ಲಿ ಎಳ್ಸಿ ಎಳ್ಸಿ ಸುಟ್ಟ ವಾಸ್ನೆ ಕ್ಯಾಬಿನ್ ತುಂಬಾ. ಒಂದೇ ವರ್ಷದಲ್ಲಿ ಎರಡು ಕ್ಲಚ್ ಪ್ಲೇಟ್ ಹೋಯ್ತು.

ನಾನು ಹೋಗಿದ್ದು ಡೀಸೆಲ್ ಪಂಪ್ ಏರ್ಸಿ ಪವರ್ ಜಾಸ್ತಿ ಮಾಡ್ಸೋಣ ಅಂತ. ಮೆಕ್ಯಾನಿಕ್ ಅಣ್ಣ ಒಪ್ಲಿಲ್ಲ, ಇಂಜಿನ್ ಚೆನ್ನಾಗೇ ಇದೆ, ಪಂಪ್ ಮುಟ್ಟಿದ್ರೆ ಹೊಗೆ ಕಾರುತ್ತೆ, ಘಾಟಲ್ಲಿ ಹೀಟ್ ಆಗುತ್ತೆ ಅಂದ್ರು. ಆಮೇಲೆ ಟೈರ್ ತೋರ್ಸಿದ್ರು. ಹಿಂದಿನ ಓನರ್ರು ಶೋಕಿಗೆ ದೊಡ್ಡ ಟೈರ್ ಹಾಕ್ಸಿದ್ರಂತೆ, ಟೈರ್ ದೊಡ್ಡದಾದಷ್ಟೂ ಎಳೆಯೋ ತಾಕತ್ತು ಇಳಿಯುತ್ತೆ, ಇದು ನಂಗೆ ಗೊತ್ತೇ ಇರ್ಲಿಲ್ಲ.

ಅದಕ್ಕೇ ಪಂಪ್ ಬಿಟ್ಟು ಕ್ರೌನ್ ಪಿನಿಯನ್ ಬದಲಾಯ್ಸೋದು ಅಂತಾಯ್ತು. ಹಳೇ ಕ್ರೌನಿಗೆ 37 ಹಲ್ಲು, ಪಿನಿಯನ್ನಿಗೆ 9, ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಪಿನಿಯನ್ 4.11 ಸುತ್ತು. ಬದಲಿಗೆ 41ಕ್ಕೆ 8 ಹಾಕಿದ್ರು, 5.12. ಅದೇ ಇಂಜಿನ್ನು, ಅದೇ ಗೇರ್‌ಬಾಕ್ಸು, ಆದ್ರೆ ಚಕ್ರಕ್ಕೆ ಹೋಗೋ ಟಾರ್ಕ್, ಅಂದ್ರೆ ತಿರುಗ್ಸೋ ಬಲ, ಸುಮಾರು 25 ಪರ್ಸೆಂಟ್ ಜಾಸ್ತಿ. ಈಗ ಮೊದ್ಲು ಸೆಕೆಂಡಲ್ಲಿ ಕಿರುಚ್ತಿದ್ದ ಜಾಗದಲ್ಲಿ ಥರ್ಡಲ್ಲೇ ಗಮ್ಮಂತ ಎಳೀತದೆ, ತಿರುವಲ್ಲಿ ಫಸ್ಟ್ ಹಾಕಿ ಕ್ಲಚ್ ಪೂರ್ತಿ ಬಿಟ್ರೂ ನಿಲ್ಲಲ್ಲ. ಇಳಿಯುವಾಗ್ಲೂ ಇಂಜಿನ್ನೇ ಹಿಡ್ಕೊಳ್ಳುತ್ತೆ, ಬ್ರೇಕ್ ಮೇಲೆ ನಿಂತ್ಕೊಂಡೇ ಬರೋ ಕೆಲ್ಸ ಇಲ್ಲ.

ಆದ್ರೆ ಒಂದು ಹೇಳ್ಬಿಡ್ತೀನಿ, ಇದ್ರಿಂದ ಪವರ್ ಒಂದು ಹೆಚ್‌ಪಿನೂ ಜಾಸ್ತಿ ಆಗಲ್ಲ. ಗಾಡಿ, ಲೋಡು, ಮಿಕ್ಸರ್ ಎಲ್ಲಾ ಸೇರಿ 4 ಟನ್ ಅಂತ ಇಟ್ಕೊಳ್ಳಿ, 15 ಅಡಿಗೆ 1 ಅಡಿ ಏರೋ ರೋಡಲ್ಲಿ 30 ಸ್ಪೀಡಲ್ಲಿ ಹೋಗೋಕೆ ಚಕ್ರದ ಹತ್ರ ಹತ್ತತ್ರ 37 ಹೆಚ್‌ಪಿ ಬೇಕು, 60ಕ್ಕೆ ಅದರ ಡಬಲ್, 74. ನನ್ನ ಇಂಜಿನ್ನಲ್ಲೇ 70 ಇರೋದು, ಅದ್ರಲ್ಲೂ ಚಕ್ರಕ್ಕೆ ಬರೋಷ್ಟ್ರಲ್ಲಿ ಒಂದಿಷ್ಟು ಸೋರಿಹೋಗುತ್ತೆ. ಯಾವ ಗೇರ್ ಹಾಕಿದ್ರೂ ಲೋಡಲ್ಲಿ ಘಾಟಲ್ಲಿ 60 ಹೋಗಲ್ಲ. ಅಷ್ಟು ಅರ್ಜೆಂಟ್ ಇರೋರು ದೊಡ್ಡ ಇಂಜಿನ್ ಗಾಡಿನೇ ತಗೋಳಿ. (ಹೆಂಗೂ ಮಿಕ್ಸರ್ ಕಟ್ಕೊಂಡು 30ರ ಮೇಲೆ ಹೋದ್ರೆ ಅದು ರೋಡ್ ತುಂಬಾ ಕುಣಿಯುತ್ತೆ.)

ಬೇಜಾರಾದ್ದು ಏನಂದ್ರೆ, ಎರಡು ದಿನ ಅಂದೋರು ಐದು ದಿನ ಮಾಡಿದ್ರು, ನಂದು ಒಂದು ಸ್ಲ್ಯಾಬ್ ಕೆಲ್ಸ ಕೈ ತಪ್ಪೋಯ್ತು. ಗಾಡಿ ಕೊಟ್ಟ ಮೊದಲ್ನೇ ದಿನವೇ ಆಕ್ಸಿಲೇಟರ್ ಬಿಟ್ರೆ ಕುಂಯ್ ಅಂತ ಸೌಂಡು, ಹಾಸನೂರು ದಾಟೋವರೆಗೂ ತಲೆ ತಿಂತು. ವಾಪಸ್ ತಗೊಂಡೋಗಿ ಜಗಳ ಆಡಿದ್ಮೇಲೆ ಬಿಚ್ಚಿದ್ರು, ಹಲ್ಲಿಗೆ ನೀಲಿ ಬಣ್ಣ ಹಚ್ಚಿ ಕೈಯಲ್ಲಿ ತಿರುಗ್ಸಿ ನೋಡಿದ್ರೆ ಉಜ್ಜಿರೋ ಗುರುತು ಹಲ್ಲಿನ ನಡುವೆ ಬರದೆ ಒಂದು ಅಂಚಿಗೆ ಬಂದಿತ್ತು. ಶಿಮ್ (ಹಲ್ಲು ಸರಿಯಾಗಿ ಕೂರ್ಸೋಕೆ ಹಾಕೋ ತೆಳು ವಾಷರ್) ಬದಲಾಯ್ಸಿ ಸರಿ ಮಾಡಿಕೊಟ್ರು, ದುಡ್ಡು ಕೇಳ್ಲಿಲ್ಲ, ಟೀ ಕೂಡ ಅವ್ರೇ ಕೊಡ್ಸಿದ್ರು. ಇದನ್ನ ಮೊದ್ಲೇ ನೋಡಿದ್ರೆ ನಾಲ್ಕು ಸ್ಟಾರ್ ಕೊಡ್ತಿದ್ದೆ.

ಸಾಮಾನು, ಲೇಬರು, ಆಯಿಲ್ ಎಲ್ಲಾ ಸೇರಿ 16 ಸಾವಿರ ಆಯ್ತು. ಖಾಲಿ ಗಾಡೀಲಿ ಚಾಮರಾಜನಗರ ಕಡೆ ಹೋಗುವಾಗ ಮಾತ್ರ ಸ್ವಲ್ಪ ಕಷ್ಟ, ಟಾಪ್ ಗೇರಲ್ಲಿ ಮೊದ್ಲು 80 ಹೋಗ್ತಿದ್ದ ಆರ್‌ಪಿಎಂಗೆ ಈಗ 64 ಅಷ್ಟೇ. ನನ್ನ ಗಾಡೀಲಿ ಸ್ಪೀಡ್ ಮೀಟರ್ ಕೇಬಲ್ ಗೇರ್‌ಬಾಕ್ಸಿಂದ ಬರೋದು, ಅದಕ್ಕೆ ಪಾಪ ಕ್ರೌನ್ ಬದಲಾಗಿದ್ದೇ ಗೊತ್ತಿಲ್ಲ, ಈಗ್ಲೂ 80 ಅಂತಾನೇ ತೋರಿಸ್ತದೆ. ಪಕ್ಕದಲ್ಲಿ ಕೂತಿದ್ದ ನಮ್ ಭಾವ ಮೀಟರ್ ನೋಡಿ, ಏನಯ್ಯಾ 80 ಅಂತಿದೆ, ಸ್ಪ್ಲೆಂಡರೆಲ್ಲ ನಮ್ಮನ್ನ ಓವರ್‌ಟೇಕ್ ಮಾಡ್ತಾ ಅವೆ ಅಂದ್ರು.