ಸ್ವಾಲ್ಬಾರ್ಡ್‌ಗೆ ಹೊರಟವರಿಗೆ ವೈಆರ್: ಯಾವ ಅಂಕಿ ನಂಬಬಹುದು, ಯಾವುದನ್ನಲ್ಲ

ನಾರ್ವೆಯ ಹವಾಮಾನ ಸಂಸ್ಥೆಯೂ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆಯೂ ಸೇರಿ 2007ರಲ್ಲಿ ಶುರುಮಾಡಿದ ವೈಆರ್ ಪುಕ್ಕಟೆ ಹವಾಮಾನ ಮುನ್ಸೂಚನೆ ಸೇವೆ. ಆರ್ಕ್ಟಿಕ್ ಸಾಗರದಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಟಂಡ್ರಾದಲ್ಲಿ (ಮರಗಳಿಲ್ಲದ ಶೀತಬಯಲಿನಲ್ಲಿ) ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಮುನ್ಸೂಚನೆ ಸಿಗುವುದು ಕಷ್ಟ. ಕಾರಣ ಅದರ ಹಿಂದಿರುವ ಅರೋಮ್-ಆರ್ಕ್ಟಿಕ್ ಎಂಬ ಗಣಿತ ಮಾದರಿ. ಲೆಕ್ಕಕ್ಕಾಗಿ ಅದು ನೆಲವನ್ನು ವಿಂಗಡಿಸುವ ಚೌಕಗಳು 2.5 ಕಿ.ಮೀ. ಅಗಲದವು, ಜಾಗತಿಕ ಮಾದರಿಗಳಲ್ಲಿ ಅಳಿಸಿಹೋಗುವ ಕಣಿವೆಗಳು ಇಲ್ಲಿ ತಕ್ಕಮಟ್ಟಿಗೆ ಉಳಿಯುತ್ತವೆ. ಆದರೆ ಈ ಮಾದರಿ ಮುನ್ಸೂಚನೆ ಕೊಡುವುದು ಮುಂದಿನ ಸುಮಾರು ಎರಡೂವರೆ ದಿನಕ್ಕೆ ಮಾತ್ರ. ಐದನೇ ದಿನದ ಸೂರ್ಯನ ಚಿತ್ರ ನೋಡಿ ಪ್ರವಾಸ ಗೊತ್ತುಮಾಡಬೇಡಿ.

ಮೊದಲು ನೋಡಬೇಕಾದದ್ದು ಉಷ್ಣಾಂಶವಲ್ಲ, ಗಾಳಿ. ವೈಆರ್ ಅದನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಕೊಡುತ್ತದೆ, ನಡುನಡುವೆ ರಭಸದಿಂದ ನುಗ್ಗುವ ಬೀಸುಗಾಳಿಯ ವೇಗ ಆವರಣದಲ್ಲಿರುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಗಾಳಿ 2 ಮೀಟರ್ ಇದ್ದರೆ ಮೈಗೆ ಮೈನಸ್ 26ರಂತೆ, 10 ಮೀಟರ್ ಇದ್ದರೆ ಮೈನಸ್ 34ರಂತೆ ತಾಗುತ್ತದೆ. ಹಿಮವಾಹನ ಗಂಟೆಗೆ 36 ಕಿ.ಮೀ. ಓಡಿದರೆ ಗಾಳಿಯಿಲ್ಲದ ದಿನವೂ ಇದೇ 10 ಮೀಟರ್ ಎದುರುಗಾಳಿ ಹುಟ್ಟುತ್ತದೆ. ಆ ಲೆಕ್ಕ ಯಾವ ಮುನ್ಸೂಚನೆಯಲ್ಲೂ ಇರುವುದಿಲ್ಲ. ಅಡ್ವೆಂಟ್‌ಡಾಲೆನ್ ಕಣಿವೆ ಆಗ್ನೇಯದ ಗಾಳಿಯನ್ನು ಕೊಳವೆಯಂತೆ ಇಲ್ಲಿನ ಮುಖ್ಯ ಪಟ್ಟಣ ಲಾಂಗ್‌ಯಿಯರ್‌ಬೈನ್‌ನತ್ತ ನೂಕುತ್ತದೆ. ಹಾಗಾಗಿ ವೇಗದ ಜೊತೆ ದಿಕ್ಕನ್ನೂ ಓದಿ.

ಸೇವೆ ಎಡವುವುದು ಚಳಿಗಾಲದ ಶಾಂತ, ಮೋಡವಿಲ್ಲದ ಹೊತ್ತಿನಲ್ಲಿ. ತಣ್ಣನೆಯ ಗಾಳಿ ಭಾರ, ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಮಾದರಿ ಹೇಳಿದ್ದಕ್ಕಿಂತ ಅಲ್ಲಿ ಹಲವು ಡಿಗ್ರಿ ಹೆಚ್ಚು ಚಳಿ ಇರಬಹುದು. ವಿಮಾನ ನಿಲ್ದಾಣದ ಅಳತೆಯೂ ಇದಕ್ಕೆ ಸಾಕ್ಷಿಯಾಗದು, ಅದು ಕಡಲಂಚಿನಲ್ಲಿದೆ.

ಇನ್ನು ಶೂನ್ಯದ ಆಸುಪಾಸು. ನಡುಚಳಿಗಾಲದಲ್ಲೂ ಇಲ್ಲಿ ಮಳೆ ಬರುತ್ತದೆ. ಮುನ್ಸೂಚನೆಯಲ್ಲಿ ಪ್ಲಸ್ 1 ಇದ್ದು ವಾಸ್ತವ ಮೈನಸ್ 1 ಆದರೆ ತಪ್ಪು ಎರಡೇ ಡಿಗ್ರಿ, ಪರಿಣಾಮ ಪೂರ್ತಿ ಬೇರೆ. ಮಳೆನೀರು ಹಿಮದೊಳಗೆ ಇಳಿದು ಹೆಪ್ಪುಗಟ್ಟಿದರೆ ನೆಲದ ಮೇಲೆ ಮಂಜುಗಡ್ಡೆಯ ಪದರ ಕೂರುತ್ತದೆ, ಹಿಮಸಾರಂಗಗಳಿಗೆ ಮೇವು ಸಿಗದು. ಹಳ್ಳಗಳಲ್ಲಿ ಹಿಮದಡಿ ಕೆಸರುನೀರು ನಿಂತು ವಾಹನ ಹೂತುಕೊಳ್ಳುತ್ತದೆ. ಉಷ್ಣಾಂಶ ಪ್ಲಸ್ 2 ಮತ್ತು ಮೈನಸ್ 2ರ ನಡುವೆ ಇದ್ದರೆ ಮಳೆಯೋ ಹಿಮವೋ ಎಂಬ ಚಿತ್ರವನ್ನು ನಂಬದೆ ಎರಡಕ್ಕೂ ಸಿದ್ಧರಾಗಿ.

ಬೇಸಿಗೆಯ ಕಥೆ ಚಿಕ್ಕದು. ಜುಲೈ ಸರಾಸರಿ 6-7 ಡಿಗ್ರಿ (2020ರ ಜುಲೈ 25ರಂದು 21.7ಕ್ಕೆ ಏರಿದ್ದೂ ಉಂಟು). ತಗ್ಗು ಮೋಡ ಮತ್ತು ಕಡಲ ಮಂಜೇ ತೊಂದರೆ. ದಿನದ ಚಿತ್ರ ಬಿಟ್ಟು ಗಂಟೆವಾರು ಪಟ್ಟಿ ತೆರೆಯಿರಿ.

ಹಿಮಕುಸಿತದ ಅಪಾಯ ಅಳೆಯಲು ವೈಆರ್ ಒಂದೇ ಸಾಲದು. ಅದಕ್ಕೆ ವಾರ್ಸಮ್ ಎಂಬ ಪ್ರತ್ಯೇಕ ಸೇವೆಯಿದೆ, 1ರಿಂದ 5ರವರೆಗಿನ ಮಟ್ಟದಲ್ಲಿ ಎಚ್ಚರಿಸುತ್ತದೆ. 2015ರ ಡಿಸೆಂಬರ್ 19ರಂದು ಪಟ್ಟಣದ ಮನೆಗಳ ಮೇಲೆ ಹಿಮ ಕುಸಿದು ಇಬ್ಬರು ಸತ್ತದ್ದು ಬಿರುಗಾಳಿಯ ಬೆನ್ನಿಗೇ. ಹೆಪ್ಪುಗಟ್ಟಿದ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಚಾಚು) ದಾಟುವವರು ಹವಾಮಾನ ಸಂಸ್ಥೆಯ ಮಂಜುಗಡ್ಡೆ ನಕ್ಷೆಯನ್ನೂ ನೋಡಬೇಕು. ಅದು ಕೆಲಸದ ದಿನಗಳಲ್ಲಷ್ಟೇ ಹೊಸದಾಗುತ್ತದೆ. ಭಾನುವಾರ ತೆರೆದರೆ ಕಾಣುವುದು ಶುಕ್ರವಾರದ ಮಂಜುಗಡ್ಡೆ.